ನಾನೂರ ಹನ್ನೆರಡನೇ ಕಾರ್ಡಿನ ಷರಾ

"ನನ್ನ ಬಗ್ಗೆ ನಿಮ್ಮ ಹತ್ರ ಏನೇನು ಬರೆದಿಟ್ಟಿದೀರೋ, ಅಷ್ಟೂ ನಂಗೆ ಬೇಕು!"

ಕನ್ನಡಕದಂಗಡಿಯ ಗಾಜಿನ ಕೌಂಟರಿನ ಮೇಲೆ ಮಡಿಸಿದ ಕಾಗದವೊಂದು ಬಂದು ಬಿತ್ತು. ಯಾರದೋ ಕನ್ನಡಕದ ಕಡ್ಡಿಯನ್ನು ಬಿಸಿ ಗಾಳಿಗೆ ಹಿಡಿದು ಬಗ್ಗಿಸುತ್ತಿದ್ದ ಅವಳು ತಲೆ ಎತ್ತಿದಳು. ಕಡ್ಡಿ ಬೇಕಾದ್ದಕ್ಕಿಂತ ಹೆಚ್ಚೇ ಬಗ್ಗಿಹೋಯಿತು.

ಅವನು! ಎಂಟು ವಾರದ ಮೇಲೆ...

ಅವನ ಕಣ್ಣುಗಳನ್ನು ಅವಳಷ್ಟು ಹತ್ತಿರದಿಂದ ನೋಡಿದವರು ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಎರಡು ವರ್ಷದಲ್ಲಿ ಐದು ಸಲ ಕತ್ತಲೆ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದ್ದಳು. ಆದರೆ ಅದು ಕೆಲಸ. ಅವನಾಗಿಯೇ ಅವಳ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದ್ದು ಇದೇ ಮೊದಲು, ಅದೂ ಸಿಟ್ಟಿನಲ್ಲಿ.

"ಕೂತ್ಕೊಳ್ಳಿ ಸಾರ್. ಏನಾಯ್ತು?"

"ಕೂರೋಕೆ ಬಂದಿಲ್ಲ ಮೇಡಂ. ನನ್ನ ಪವರ್ ವಿಷಯ ಯಾರ್ಯಾರಿಗೆ ಹೇಳಿದೀರಿ?"

"ಯಾರಿಗೂ ಹೇಳಿಲ್ಲ!"

"ಹಾಗಾದ್ರೆ ಆ ಕಣ್ಣಿನ ಆಪರೇಷನ್ ಕಂಪನಿಯವರಿಗೆ ಕನಸು ಬಿತ್ತಾ?"

ಅವನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಪುಸ್ತಕ ಅಚ್ಚಾಗುವ ಮೊದಲು ಅದರ ತಪ್ಪು ಹಿಡಿಯುವುದು ಅವನ ಕೆಲಸ. ಸ್ವಂತ ಫೋನು ಸದಾ ಕೆಟ್ಟಿರುತ್ತಿದ್ದುದರಿಂದ ಕನ್ನಡಕದಂಗಡಿಯಲ್ಲಿ ಪ್ರೆಸ್ಸಿನ ನಂಬರನ್ನೇ ಬರೆಸಿದ್ದ. ಆ ನಂಬರಿಗೆ ಒಂದು ದಿನ ಕರೆ ಬಂತು. ಎತ್ತಿದವರು ಮೇನೇಜರ್.

"'ನಿಮ್ಮ ದೃಷ್ಟಿ ಎರಡು ವರ್ಷದಲ್ಲಿ ನಾಲ್ಕು ಸಲ ಇಳಿದಿದೆ, ತಡ ಮಾಡಿದ್ರೆ ಕಷ್ಟ, ನಮ್ಮಲ್ಲಿ ಆಪರೇಷನ್ ಮಾಡಿಸ್ಕೊಳ್ಳಿ' ಅಂದ್ರಂತೆ. ನಮ್ಮ ಮೇನೇಜರ್ ಒಳ್ಳೆಯವರು. ಬೈಲಿಲ್ಲ. 'ಕಣ್ಣಿಗೆ ಯಾಕೆ ಆಯಾಸ' ಅಂತ ನನ್ನನ್ನ ಕಾಗದದ ಗೋದಾಮಿಗೆ ಹಾಕಿದ್ರು. ಹದಿನಾಲ್ಕು ವರ್ಷ ಕರಡು ತಿದ್ದಿದೋನು ನಾನು... ಈಗ ರೀಮು ಎಣಿಸ್ತಿದೀನಿ."

ಅವಳು ಬಗ್ಗಿಹೋದ ಕಡ್ಡಿಯನ್ನು ಕೆಳಗಿಟ್ಟಳು.

"ಎಂಟು ವಾರ ಬರಬಾರದು ಅಂತಲೇ ಇದ್ದೆ. ನೀವು ಹೇಳಿರಲ್ಲ ಅಂತ ನನಗೆ ನಾನೇ ಹೇಳ್ಕೊಂಡೆ. ಆದ್ರೆ ಆ ನಂಬರೂ, ಆ ಪವರೂ ಒಟ್ಟಿಗೆ ಇದ್ದದ್ದು ನಿಮ್ಮಲ್ಲೊಂದೇ ಕಡೆ. ಕಾನೂನಿದೆ ಮೇಡಂ. ಮೂವತ್ತು ದಿನ ಟೈಮು."

ಬಾಗಿಲು ಮುಚ್ಚಿಕೊಂಡಿತು. ಗಾಜಿನಾಚೆ ಅವನು ರಸ್ತೆ ದಾಟುವುದು ಕಾಣಿಸಿತು. ಕಣ್ಣಿಲ್ಲದವರ ಹಾಗೆ ಪಾದಚಾರಿ ಕಟ್ಟೆಯ ಅಂಚನ್ನು ಕಾಲಲ್ಲಿ ತಡವಿ ಇಳಿದ. ಅದನ್ನು ನೋಡಿ ಅವಳಿಗೆ ಅಳುವೇ ಬಂತು. ಯಾಕೆಂದರೆ ಅವನ ಕಣ್ಣಿಗೆ ಏನೂ ಆಗಿಲ್ಲವೆಂಬುದು ಈ ಪ್ರಪಂಚದಲ್ಲಿ ಅವಳೊಬ್ಬಳಿಗೆ ಮಾತ್ರ ಗೊತ್ತಿತ್ತು.

* * *

ಅದು ಹೇಗೆ ಅಂತೀರಾ? ಅವನು ಸುಳ್ಳು ಹೇಳುತ್ತಿದ್ದ, ಅಷ್ಟೇ.

ಮೊದಲ ಸಲ ಬಂದು ಕನ್ನಡಕ ಮಾಡಿಸಿಕೊಂಡ ಆರು ತಿಂಗಳಿಗೇ "ಮಂಜು ಮಂಜಾಗಿ ಕಾಣುತ್ತೆ" ಎಂದು ಮತ್ತೆ ಬಂದ. ಅವಳು ಗಾಜು ಬದಲಿಸಿ ಬದಲಿಸಿ ಕೇಳಿದಳು. ಅಕ್ಷರದ ಹಲಗೆಯ ಕೆಳಗಿನ ಎರಡು ಸಾಲು ಓದಲಾಗಲಿಲ್ಲ ಎಂದ. ಎದ್ದು ಹೊರಡುವಾಗ, ಅದೇ ಗೋಡೆಯ ಕ್ಯಾಲೆಂಡರಿನ ಅಡಿಯಲ್ಲಿ ಇರುವೆಯಷ್ಟು ಸಣ್ಣಗೆ ಅಚ್ಚಾಗಿದ್ದ ಪ್ರೆಸ್ಸಿನ ಹೆಸರು ಓದಿ, "ಇಲ್ಲೊಂದು ಅಕ್ಷರ ತಪ್ಪಿದೆ" ಎಂದುಬಿಟ್ಟ! ವೃತ್ತಿಯ ಚಟ, ಏನು ಮಾಡುವುದು?

ಕಣ್ಣಿನ ಪವರ್ ತಾನೇ ಅಳೆಯುವ ಯಂತ್ರವೂ ಏನೂ ಬದಲಾಗಿಲ್ಲ ಎಂದೇ ಹೇಳಿತ್ತು.

ಅವಳು ಆಗಲೇ ನಕ್ಕು "ಸಾರ್, ನಿಮ್ಮ ಕಣ್ಣು ಚೆನ್ನಾಗಿದೆ, ಹೋಗಿ" ಅನ್ನಬಹುದಿತ್ತು. ಅನ್ನಬೇಕಿತ್ತು. ಆದರೆ ಅಂದಿದ್ದರೆ ಅವನು ಇನ್ನು ಬರುತ್ತಿರಲಿಲ್ಲ. ಪರೀಕ್ಷೆಯ ಚೀಟಿಯ ಮೇಲ್ಭಾಗದಲ್ಲಿ ಅವನು ಹೇಳಿದ್ದಕ್ಕೆ ತಕ್ಕ ಹೆಚ್ಚಿನ ಪವರ್ ಬರೆದಳು. ಕೆಳಗೆ ಗಾಜು ಉಜ್ಜುವವರಿಗೆ 'ಹಳೆಯ ಪವರ್ರೇ ಹಾಕುವುದು' ಎಂದು ಬರೆದಳು. ಹೊಸ ಕನ್ನಡಕ ಹಾಕಿಕೊಂಡು ಅವನು, "ಆಹಾ, ಈಗ ಚೆನ್ನಾಗಿ ಕಾಣುತ್ತೆ" ಎಂದ.

ಅಲ್ಲೇ ಎಡವಟ್ಟಾಯಿತು. ಹೆಚ್ಚಿನ ಪವರಿನ ಗಾಜು ಹಾಕಿದ್ದಾರೆಂದು ಅವನು ನಂಬಿದ್ದ. ಅದರಲ್ಲಿ ಎಲ್ಲ ಸ್ಪಷ್ಟವಾಗಿ ಕಂಡದ್ದೇ, ತನ್ನ ಸುಳ್ಳು ನಿಜವಾಗಿಬಿಟ್ಟಿದೆ, ದೃಷ್ಟಿ ನಿಜಕ್ಕೂ ಇಳಿಯುತ್ತಿದೆ ಎಂದು ಒಳಗೊಳಗೇ ಹೆದರಿದ. ಆದರೂ ಬರುವುದನ್ನು ಬಿಡಲಿಲ್ಲ; ನಡುನಡುವೆ ಕಡ್ಡಿ ಸಡಿಲವಾಯಿತೆಂದೂ ವಾರ ಬಿಟ್ಟು ವಾರ ಬರುತ್ತಿದ್ದ. ಪರೀಕ್ಷೆಯಲ್ಲಿ ನಾಲ್ಕು ಸಲ ಹೀಗೇ ಆಯಿತು. ಇಬ್ಬರು ಬುದ್ಧಿವಂತರು ಸೇರಿ ಒಬ್ಬ ದಡ್ಡನೂ ಮಾಡದ ಕೆಲಸ ಮಾಡಿಟ್ಟಿದ್ದರು.

* * *

"ಏನೇ ಅದು, ಪುಟ್ಟಿ?" ಎನ್ನುತ್ತ ಒಳಗಿನಿಂದ ಮಾವ ಬಂದರು. ಅವಳ ತಾಯಿಯ ತಮ್ಮ, ಅಂಗಡಿಯ ಯಜಮಾನ. ಮೂವತ್ತೊಂದು ವರ್ಷದ ಸೊಸೆಯನ್ನು ಅವರು ಪುಟ್ಟಿ ಎಂದೇ ಕರೆಯುತ್ತಿದ್ದರು.

ಮಾಹಿತಿ ಕಾನೂನು ಬಂದು ಆಗಲೇ ವರ್ಷವಾಗಿತ್ತು. ವ್ಯಾಪಾರಿಗಳ ಸಂಘದವರು ಸಭೆ ಕರೆದು, ಪುಸ್ತಿಕೆ ಹಂಚಿ, ಕಾಫಿ ಕೊಟ್ಟು ಕಳಿಸಿದ್ದರು. ಕಾಫಿ ಚೆನ್ನಾಗಿತ್ತು ಎಂದು ಮಾವ ಹೇಳಿದ್ದರು. ಪುಸ್ತಿಕೆ ಓದಿದವಳು ಅವಳು. ಗಿರಾಕಿಯ ವಿವರ ಬೇಕಾದಷ್ಟೇ ಬರೆದುಕೊಳ್ಳಬೇಕು. ಬೇರೆಯವರಿಗೆ ಕೊಡುವ ಮೊದಲು ಅವರನ್ನು ಕೇಳಬೇಕು. ಅವರು ಕೇಳಿದರೆ ಬರೆದದ್ದನ್ನೆಲ್ಲ ತೋರಿಸಬೇಕು, ತಪ್ಪಿದ್ದರೆ ತಿದ್ದಬೇಕು. ಕೇಳಿದ ಮೇಲೆ ಒಂದಕ್ಷರ ಅಳಿಸಿದರೂ ಅದು ಅಪರಾಧ.

"ಎಲ್ಲಾ ಅಂದ್ರೆ... ಷರಾನೂ?" ಮಾವ ಕುರ್ಚಿಯಲ್ಲಿ ಕುಸಿದರು.

ಈ ಅಂಗಡಿಯ ರೂಢಿ ಅದು. ಪ್ರತಿ ಗಿರಾಕಿಗೂ ಒಂದು ನಂಬರಿನ ಕಾರ್ಡು, ಹಿಂಬದಿಯಲ್ಲಿ ಷರಾ. ಮೂಗು ಎಲ್ಲಿ ಸೊಟ್ಟ, ಯಾವ ಕಿವಿ ಮೇಲೆ ಎಂದು ಎರಡನೇ ಸಲ ಗಿರಾಕಿಯ ಬಾಯಿಂದಲೇ ಹೇಳಿಸಬಾರದು ಎಂದು ಮಾವನ ತಂದೆ ಶುರು ಮಾಡಿದ್ದು. ಮಾವನ ಕೈಯಲ್ಲಿ ಅದು ಸ್ವಲ್ಪ ಹದ ತಪ್ಪಿತ್ತು.

"ಆ ಹೆಡ್‌ಮಾಸ್ತರ ಕಾರ್ಡಲ್ಲಿ ನಾನು 'ಮಹಾ ಕೊರೆತ, ಬೇಗ ಸಾಗಹಾಕು' ಅಂತ ಬರೆದಿದೀನಲ್ಲೇ! ಅವರೂ ಕೇಳಿದ್ರೆ?"

"ತೋರಿಸಬೇಕಾಗುತ್ತೆ ಮಾವ."

"ಇದೊಳ್ಳೆ ಕಥೆ! ಇನ್ಮೇಲೆ ಗಿರಾಕಿ ಮುಖ ನೋಡೋಕೂ ಅನುಮತಿ ಪತ್ರ ಬರೆಸ್ಕೋಬೇಕೇನೋ!"

ಅವಳಿಗೆ ನಗು ಬರಲಿಲ್ಲ. ಡಬ್ಬಿಯಲ್ಲಿ ಬೆರಳಾಡಿಸಿ ನಾನೂರ ಹನ್ನೆರಡನೇ ಕಾರ್ಡು ತೆಗೆದಳು. ಹಿಂಬದಿ ತಿರುಗಿಸಿದಳು. ತನ್ನದೇ ಅಕ್ಷರ...

'ಎಡಗಿವಿ ಒಂದು ಕೂದಲಷ್ಟು ಮೇಲೆ. ಕಡ್ಡಿ ಬಗ್ಗಿಸಬೇಕು. ಹೊಗಳಿದರೆ ಎರಡೂ ಕಿವಿ ಕೆಂಪಾಗುತ್ತವೆ.'

'ಯಂತ್ರದ ಲೆಕ್ಕದಲ್ಲಿ ಬದಲಾವಣೆ ಇಲ್ಲ. ಸುಳ್ಳು ಹೇಳುತ್ತಾನೆ. ಚೆನ್ನಾಗಿ ಹೇಳಲು ಬರುವುದಿಲ್ಲ.'

'ತಾಯಿ ತೀರಿಕೊಂಡರಂತೆ. ಗಾಜು ಒರೆಸಿಕೊಟ್ಟೆ. ಇನ್ನೊಂದು ಸಲ ಒರೆಸಿಕೊಟ್ಟೆ. ಬೇರೇನು ಮಾಡಬೇಕೋ ತೋಚಲಿಲ್ಲ.'

ಕೊನೆಯದು ಹೋದ ವಾರದ್ದು: 'ಏಳು ವಾರದಿಂದ ಬಂದಿಲ್ಲ. ಎಲ್ಲಿದ್ದರೂ ಚೆನ್ನಾಗಿರಲಿ. ಆದರೆ ಬರಲಿ.'

ಅಯ್ಯೋ ದೇವರೇ! ಇದನ್ನು ಅವನ ಕೈಗೆ ಕೊಡುವುದಾ?

* * *

ಮಾಹಿತಿ ಸೋರಿದ್ದು ಎಲ್ಲಿಂದ ಎಂದು ತಿಳಿಯಲು ಅವಳಿಗೆ ಒಂದು ಫೋನು ಸಾಕಾಯಿತು.

ಗಾಜು ಉಜ್ಜಿಕೊಡುವ ಕಾರ್ಖಾನೆಗೆ ಆರ್ಡರ್ ಕಳಿಸುವಾಗ ಪ್ರತಿ ಫ್ರೇಮಿನ ಜೊತೆ ಪರೀಕ್ಷೆಯ ಚೀಟಿಯ ಗುಲಾಬಿ ಪ್ರತಿ ಇಡುವುದು ಮೊದಲಿನಿಂದ ಬಂದ ಪದ್ಧತಿ. ಅದರ ಮೇಲೆ ಹೆಸರು, ಫೋನು, ಪವರ್ ಎಲ್ಲ ಇರುತ್ತಿತ್ತು. ಕಾರ್ಖಾನೆಯ ಹಳೆಯ ಯಜಮಾನರು ಅದನ್ನು ಓದಿ ಮೊಳೆಗೆ ಚುಚ್ಚಿಡುತ್ತಿದ್ದರು. ಈಗ ಅವರು ಕಾರ್ಖಾನೆ ಮಾರಿದ್ದರು. ಕೊಂಡವರು ಮೊಳೆಯಲ್ಲಿದ್ದ ಚೀಟಿಗಳನ್ನೆಲ್ಲ ಪಟ್ಟಿ ಮಾಡಿ ಆಪರೇಷನ್ ಕಂಪನಿಗೆ ದಾಟಿಸಿದ್ದರು. ಪಟ್ಟಿ ಮಾಡಿದವರು ಚೀಟಿಯ ಮೇಲ್ಭಾಗ ಮಾತ್ರ ನೋಡಿದ್ದರು.

"ನೀವೇ ಕೊಟ್ಟಿದ್ದಲ್ವಾ ಮೇಡಂ? ನಾವೇನು ಕದ್ವಾ?" ಎಂದಿತು ಫೋನಿನಾಚೆಯ ದನಿ.

ಅವಳು ಫೋನು ಇಟ್ಟಳು. ಕೊಟ್ಟದ್ದು ಅವಳ ಕೈಯೇ. ಕಡ್ಡಿ ಬಗ್ಗಿಸುವ, ಗಾಜು ಒರೆಸುವ ಅದೇ ಕೈ.

ಸಂಜೆ ಮನೆಯಲ್ಲಿ ಅತ್ತೆ, ಅಂದರೆ ಮಾವನ ಹೆಂಡತಿ, ತರಕಾರಿ ಹೆಚ್ಚುತ್ತ ಎಲ್ಲ ಕೇಳಿಸಿಕೊಂಡರು. ಕಾರ್ಡನ್ನೂ ಓದಿದರು. ಓದಿ, ಕನ್ನಡಕ ತೆಗೆದು, ಸೊಸೆಯ ಮುಖ ನೋಡಿದರು.

"ಹರಿದು ಒಲೆಗೆ ಹಾಕು."

"ಅತ್ತೆ!"

"ಅವನ ಕಣ್ಣು ಚೆನ್ನಾಗಿದೆ ಅಂತ ಬೇರೆ ಕಾಗದದಲ್ಲಿ ಬರ್ಕೊಡು. ಅವನ ಕೆಲಸ ಅವನಿಗೆ ಸಿಗುತ್ತೆ, ನಿನ್ನ ಮರ್ಯಾದೆ ನಿನಗೆ ಉಳಿಯುತ್ತೆ. ಹೆಣ್ಣುಮಗಳು ಹೀಗೆಲ್ಲ ಬರೆದು ಕೈಗೆ ಕೊಟ್ರೆ ಅವನು ಏನಂದ್ಕೋತಾನೆ? ಪ್ರೆಸ್ಸಲ್ಲಿ ಕೆಲಸ ಮಾಡೋನು ಬೇರೆ... ಅಚ್ಚು ಹಾಕಿಸಿ ಹಂಚಿದ್ರೆ?"

ಅತ್ತೆಯ ಮಾತಿನಲ್ಲಿ ಅರ್ಥವಿತ್ತು. ಅವಳು ಅದನ್ನು ನಿಜಕ್ಕೂ ಯೋಚಿಸಿದಳು. ಒಂದೆರಡು ದಿನವಲ್ಲ, ಒಂಬತ್ತು ದಿನ. ಕಾರ್ಡನ್ನು ಎರಡು ಸಲ ಹರಿಯಲೆಂದು ಹಿಡಿದೂ ಆಯಿತು.

ಆದರೆ ಹಿಡಿದಾಗಲೆಲ್ಲ ಒಂದೇ ಯೋಚನೆ. 'ಅವನು ಬರೋದು ನಿಲ್ಲಬಾರದು ಅಂತ ಒಂದು ಸಲ ನಿಜ ಮುಚ್ಚಿಟ್ಟೆ. ಅವನು ಕುರುಡನಾಗ್ತೀನಿ ಅಂತ ಹೆದರಿ ಬದುಕಿದ. ಈಗ ನನ್ನ ಮರ್ಯಾದೆಗೋಸ್ಕರ ಇನ್ನೊಂದು ಸಲ ಮುಚ್ಚಿಡಲಾ? ಅವನು ಎಲ್ಲಾ ಬೇಕು ಅಂದಿದಾನೆ. ನನಗೆ ಬೇಕಾದ್ದಷ್ಟನ್ನೇ ಆರಿಸಿ ಕೊಟ್ರೆ ಅದು ಐದನೇ ಸುಳ್ಳು...'

ಹತ್ತನೇ ದಿನ ಅವಳು ಪತ್ರ ಬರೆದಳು. ಅದರಲ್ಲಿ ಸೋರಿಕೆ ಹೇಗಾಯಿತೆಂದು ಬಿಡಿಸಿ ಹೇಳಿ, ಯಂತ್ರದ ಐದೂ ಅಳತೆಗಳನ್ನು ತಾರೀಖಿನ ಸಮೇತ ನಮೂದಿಸಿ, 'ತಪ್ಪು ಅಂಗಡಿಯದು' ಎಂದು ಸಹಿ ಹಾಕಿದಳು. ಮಾವ ಮೂಗು ಮುರಿದರು, ಗೊಣಗಿದರು, ಆಮೇಲೆ ಅದರ ಕೆಳಗೆ ತಾವೂ ಸಹಿ ಹಾಕಿದರು. ಚೀಟಿ ಹೋಗಿದ್ದ ಉಳಿದೆಲ್ಲ ಗಿರಾಕಿಗಳಿಗೂ ಕಾಗದ ಹೋಯಿತು. ಕೆಲವರು ಬಂದು ಬೈದರು. ಕೆಲವರು ಬೇರೆ ಅಂಗಡಿ ಹಿಡಿದರು. ಒಬ್ಬ ಅಜ್ಜಿ ಮಾತ್ರ, "ಎಲ್ಲರಿಗೂ ಫೋನ್ ಬಂದಿದೆಯಂತೆ, ನನಗ್ಯಾಕೆ ಬಂದಿಲ್ಲ?" ಎಂದು ಜಗಳ ತೆಗೆದರು.

* * *

ಎಲ್ಲ ಸಿದ್ಧವಿದೆಯೆಂದು ಹೇಳಿಕಳಿಸಿದ ಮೇಲೆ ಅವನು ಬಂದದ್ದು ಮಧ್ಯಾಹ್ನ, ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು. ಮಾವ ಅವನ ಮುಖ ನೋಡಿ, ಅವಳ ಮುಖ ನೋಡಿ, "ಬೀದಿ ಕೊನೇಲಿ ಸ್ವಲ್ಪ ಕೆಲಸ ಇದೆ" ಎಂದು ಚಪ್ಪಲಿ ಮೆಟ್ಟಿದರು. ಬೀದಿಯ ಕೊನೆಯಲ್ಲಿ ಅವರಿಗೆ ಯಾವ ಕೆಲಸವೂ ಇರಲಿಲ್ಲ.

ಅವಳು ಲಕೋಟೆ ಕೊಟ್ಟಳು. ಕಾರ್ಡಿನ ಎರಡೂ ಬದಿಯ ನಕಲು, ಜೊತೆಗೆ ಪತ್ರ.

ಅವನು ನಿಂತೇ ಓದಿದ. ಓದುವುದು ಅವನ ಕಸುಬಲ್ಲವೇ? ಒಂದಕ್ಷರವೂ ಬಿಡದೆ ಓದಿದ. ಮೊದಲು ಪತ್ರ. ಆಮೇಲೆ ಕಾರ್ಡಿನ ಮುಂಬದಿ. ಆಮೇಲೆ... ಹಿಂಬದಿ.

ಅವಳು ಕೌಂಟರಿನ ಅಂಚು ಹಿಡಿದು ನಿಂತಿದ್ದಳು. ಕಾಲಡಿಯ ನೆಲ ಬಿರಿದರೆ ಇಳಿದುಹೋಗಲು ಸಿದ್ಧಳಾಗಿದ್ದಳು. ನೆಲ ಬಿರಿಯಲಿಲ್ಲ.

"ನನ್ನ ಕಣ್ಣಿಗೆ... ಏನೂ ಆಗಿಲ್ವಾ?"

"ಇಲ್ಲ."

"ಇದು ನಿಮಗೆ ಒಂದೂವರೆ ವರ್ಷದಿಂದ ಗೊತ್ತು."

"ಗೊತ್ತು."

ಅವನು ಕನ್ನಡಕ ತೆಗೆದು ನೋಡಿ ಮತ್ತೆ ಹಾಕಿಕೊಂಡ. "ನಾನು ಕಣ್ಣು ಮುಚ್ಕೊಂಡು ಅಂಗಿ ಗುಂಡಿ ಹಾಕೋದು ಕಲಿತಿದೀನಿ ಮೇಡಂ. ಕಣ್ಣು ಮುಚ್ಕೊಂಡು ಮೆಟ್ಟಿಲು ಇಳೀತೀನಿ. ಮನೇಲಿ ಯಾವ ಸಾಮಾನು ಎಲ್ಲಿದೆ ಅಂತ ಮುಟ್ಟಿ ಹೇಳ್ತೀನಿ. ಮುಂದೆ ಬೇಕಾಗುತ್ತಲ್ಲ ಅಂತ..."

"ನನ್ನದು ತಪ್ಪು," ಎಂದಳು. ಕಣ್ಣೀರು ತಡೆಯಲಿಲ್ಲ. "ಕ್ಷಮಿಸಿ ಅಂತ ಕೇಳೋ ಯೋಗ್ಯತೆನೂ ನನಗಿಲ್ಲ."

ಅವನು ನಕಲನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡ. ಹಾಗೇ ಹೊರಟುಹೋದ. ಈ ಸಲ ರಸ್ತೆಯನ್ನು ಸರಿಯಾಗಿಯೇ ದಾಟಿದ.

ನಾಲ್ಕು ದಿನ ಕಳೆಯಿತು. ಮನುಷ್ಯ ಸಿಟ್ಟು ಮಾಡಿಕೊಂಡು ಬೈದರೆ ತಡೆದುಕೊಳ್ಳಬಹುದು. ಹೀಗೆ ಓದಿ, ಮಡಿಸಿ, ಜೇಬಿಗಿಟ್ಟುಕೊಂಡು ಹೋದರೆ ಏನೆಂದು ತಿಳಿಯುವುದು? ಅವಳು ಅನ್ನ ಬಿಡಲಿಲ್ಲ, ಕೆಲಸ ಬಿಡಲಿಲ್ಲ. ಆದರೆ ಒಬ್ಬರ ಫ್ರೇಮಿಗೆ ಇನ್ನೊಬ್ಬರ ಗಾಜು ಕೂರಿಸಿದಳು. ಹತ್ತು ವರ್ಷದಲ್ಲಿ ಅದು ಮೊದಲ ಸಲ.

* * *

ಐದನೇ ದಿನ ಅವನು ಮತ್ತೊಂದು ಕಾಗದ ಹಿಡಿದು ಬಂದ.

ದೂರು ಕೊಟ್ಟಿರಬೇಕು... ಕೊಡಲಿ, ಕೊಡಬೇಕಾದ್ದೇ.

"ಕೆಲಸ...?" ಎಂದಳು ಮೆಲ್ಲಗೆ.

"ಸಿಕ್ತು. ಮೇನೇಜರ್ ನಿಮ್ಮ ಪತ್ರ ಓದಿ, ಅಲ್ಲೇ ಒಂದು ಪುಟ ಕೊಟ್ಟು ಓದಿ ಅಂದ್ರು. ಅದನ್ನ ಅವರೇ ತಿದ್ದಿದ್ರು. ಎರಡು ತಪ್ಪು ಹಿಡಿದೆ. ಸ್ವಲ್ಪ ಮುಖ ಸಣ್ಣ ಮಾಡ್ಕೊಂಡ್ರು, ಆದ್ರೆ ಮೇಜು ವಾಪಸ್ ಕೊಟ್ರು."

ಅವಳ ಎದೆಯ ಮೇಲಿನ ಭಾರ ಇಳಿಯಿತು. ಅರ್ಧ ಮಾತ್ರ.

"ಕಾರ್ಡೂ... ತೋರಿಸಿದ್ರಾ?"

"ಕಾರ್ಡು ನನ್ನ ಸ್ವಂತ ಮಾಹಿತಿ ಮೇಡಂ. ಯಾರಿಗೆ ತೋರಿಸಬೇಕು, ಯಾರಿಗೆ ಬೇಡ ಅನ್ನೋದು ನನ್ನಿಷ್ಟ."

ಅವನು ಕಾಗದ ಮುಂದೆ ತಳ್ಳಿದ. ಮೇಲೆ ದುಂಡಗಿನ ಅಕ್ಷರದಲ್ಲಿತ್ತು: 'ವಿಷಯ: ಮಾಹಿತಿ ತಿದ್ದುಪಡಿ ಕೋರಿಕೆ.'

"ಏನು ತಪ್ಪಿದೆ ಸಾರ್?"

"ಒಂದು ಷರಾ ತಪ್ಪಿದೆ. ಮೂರನೇ ಪರೀಕ್ಷೆದು."

ಕಾಗದದ ಕೆಳಗೆ ಕಾರ್ಡಿನ ನಕಲಿತ್ತು. ಕರಡು ತಿದ್ದುವ ಕೆಂಪು ಶಾಯಿ ಒಂದೇ ಕಡೆ ಬಿದ್ದಿತ್ತು. ಅವಳು ಬರೆದಿದ್ದಳು: 'ಇವತ್ತೂ ಸುಳ್ಳು. ಯಾಕೆ ಹೀಗೆ ಮಾಡುತ್ತಾನೋ ತಿಳಿಯದು.' ಅದರಲ್ಲಿ 'ತಿಳಿಯದು' ಎಂಬುದನ್ನು ಅಚ್ಚುಕಟ್ಟಾಗಿ ಹೊಡೆದುಹಾಕಿ, ಅಂಚಿನಲ್ಲಿ ಹೀಗೆ ಸೇರಿಸಿದ್ದ: 'ಇವಳ ಎದುರು ಇನ್ನೊಂದು ಹತ್ತು ನಿಮಿಷ ಕೂರುವುದಕ್ಕೆ.'

ಅವಳು ಓದಿದಳು. ಮತ್ತೆ ಓದಿದಳು. ಮೂರನೇ ಸಲ ಅಕ್ಷರ ಮಸುಕಾಯಿತು.

"ತಪ್ಪು ಮಾಹಿತಿ ಇದ್ರೆ ತಿದ್ದಲೇಬೇಕಂತೆ. ಕಾನೂನು," ಎಂದ ಅವನು. ಎರಡೂ ಕಿವಿ ಕೆಂಪಾಗಿದ್ದವು.

ಅವಳು ಮೂಗು ಒರೆಸಿಕೊಂಡಳು. ದನಿಯನ್ನು ಅಂಗಡಿಯ ದನಿ ಮಾಡಿಕೊಳ್ಳಲು ನೋಡಿದಳು. "ಸುಮ್ಮನೆ ತಿದ್ದೋಕಾಗಲ್ಲ ಸಾರ್. ಆಧಾರ ಬೇಕು."

"ಏನು ಆಧಾರ?"

"ಕಾಗದದಲ್ಲಿ ಬೇಡ. ಬಾಯಿಬಿಟ್ಟು ಹೇಳಿ."

ಅವನು ಎಡಗಿವಿ ಉಜ್ಜಿಕೊಂಡ. ಕೌಂಟರಿನ ಒಳಗಿದ್ದ ಫ್ರೇಮುಗಳನ್ನು ನೋಡಿದ. ಹದಿನಾಲ್ಕು ವರ್ಷ ಬೇರೆಯವರ ವಾಕ್ಯ ತಿದ್ದಿದವನಿಗೆ ಸ್ವಂತ ವಾಕ್ಯವೊಂದು ಹೊರಡದೆ ಒದ್ದಾಡಿತು.

"ನನಗೆ ನೀವಂದ್ರೆ ಇಷ್ಟ. ಮೊದಲ ದಿನದಿಂದ. ಕಣ್ಣು ಚೆನ್ನಾಗೇ ಇತ್ತು... ಧೈರ್ಯ ಇರಲಿಲ್ಲ."

ಅವಳು ಕೆಂಪು ಶಾಯಿಯ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನಿಮ್ಮ ಮೇಲೆ ಸಿಟ್ಟು ಬಂದಿತ್ತು, ನಿಜ. ಎರಡು ದಿನ ಇತ್ತು. ಮೂರನೇ ದಿನ ಯೋಚನೆ ಮಾಡಿದೆ, ಸುಳ್ಳು ಶುರು ಮಾಡಿದೋನು ನಾನಲ್ವಾ? ನೀವು ಈ ಕಾರ್ಡು ಹರಿದು ಬಿಸಾಕಬಹುದಿತ್ತು. ಯಾರಿಗೂ ಗೊತ್ತಾಗ್ತಿರಲಿಲ್ಲ. ಕೈಯಾರೆ ತಂದು ಕೊಟ್ರಿ. ಇಷ್ಟು ನಿಜ ನನಗೆ ಇದುವರೆಗೂ ಯಾರೂ ಹೇಳಿಲ್ಲ."

ಅವಳು ಡಬ್ಬಿಯಿಂದ ಮೂಲ ಕಾರ್ಡು ತೆಗೆದು, ಅವನ ತಿದ್ದುಪಡಿಯನ್ನು ಅಕ್ಷರ ಬಿಡದೆ ನಕಲು ಮಾಡಿ, ತಾರೀಖು ಹಾಕಿದಳು. ಅಕ್ಷರ ಸೊಟ್ಟಗಾಯಿತು. ಅವನು ಅದನ್ನು ತಿದ್ದಲು ಹೋಗಲಿಲ್ಲ.

"ಒಂದು ವಿಷಯ," ಎಂದಳು. "ಇನ್ಮೇಲೆ ನಿಮ್ಮ ಕಣ್ಣು ಮಾವನೇ ನೋಡ್ತಾರೆ. ನಾನಲ್ಲ."

ಅವನ ಮುಖ ಬಾಡಿತು. "ಯಾಕೆ?"

"ಮನಸ್ಸಲ್ಲಿರೋದನ್ನೆಲ್ಲ ಷರಾ ಅಂತ ಬರೆಯೋ ಹಾಗಿಲ್ಲ. ಮಾಹಿತಿ ಬೇಕಾದಷ್ಟೇ ಇಡಬೇಕು."

"ಮತ್ತೆ ಅದನ್ನೆಲ್ಲ ಎಲ್ಲಿ ಬರೀತೀರಿ?"

"ಬರೆಯಲ್ಲ. ನಿಮಗೇ ಹೇಳ್ತೀನಿ."

"ಯಾವಾಗ?"

ಅವಳು ಕೌಂಟರಿನ ಪುಟ್ಟ ಬಾಗಿಲು ತೆರೆದು ಈಚೆಗೆ ಬಂದಳು. ಎರಡು ವರ್ಷದಲ್ಲಿ ನಡುವೆ ಗಾಜೂ ಯಂತ್ರವೂ ಇಲ್ಲದೆ ಇಬ್ಬರೂ ಎದುರೆದುರು ನಿಂತದ್ದು ಅದೇ ಮೊದಲು.

"ಈಗಲೇ," ಎಂದಳು. "ಕೇಳಿಸ್ಕೊಳ್ಳಿ..."